ಮೊದಲ ಡೊಮೈನ್ ಸರ್ವರ್ ಹಾಕಿದ್ಮೇಲೆ ‘ಆಕ್ಸೆಸ್ ಡಿನೈಡ್’ ಬರ್ತಿದ್ಯಾ? ಪರ್ಮಿಷನ್ ಮುಟ್ಟೋಕೆ ಮುಂಚೆ ಇದನ್ನ ನೋಡಿ

ಮೂವತ್ತು ನಲವತ್ತು ಸಿಸ್ಟಮ್ ಇರೋ ಕಂಪನಿ, ಇಲ್ಲಿವರೆಗೂ ವರ್ಕ್‌ಗ್ರೂಪ್‌ನಲ್ಲೇ, ಅಂದ್ರೆ ಪ್ರತಿ ಸಿಸ್ಟಮ್‌ಗೂ ಅದರದೇ ಯೂಸರ್ ಪಾಸ್‌ವರ್ಡ್ ಇಟ್ಕೊಂಡು, ನಡ್ಕೊಂಡು ಬಂದಿದೆ, ಅಕೌಂಟ್ಸ್ ಮೂಲೇಲಿರೋ ಯಾವ್ದೋ ಹಳೇ ಡೆಸ್ಕ್‌ಟಾಪ್‌ನಲ್ಲಿ ಒಂದು ಫೋಲ್ಡರ್ ಶೇರ್ ಮಾಡಿ ಎವ್ರಿಒನ್‌ಗೆ ಫುಲ್ ಕಂಟ್ರೋಲ್ ಕೊಟ್ಟು ಟ್ಯಾಲಿ ಡೇಟಾ, ಡ್ರಾಯಿಂಗು, ಸ್ಯಾಲರಿ ಶೀಟು, ಯಾರದೋ ಮಗಳ ಬರ್ತ್‌ಡೇ ಫೋಟೋ ಎಲ್ಲ ಅದ್ರಲ್ಲೇ ಸುರಿದಿದಾರೆ. ಈಗ ಹೊಸ ಸರ್ವರ್ ಬಂದಿದೆ, ಡೊಮೈನ್ ಮಾಡಿ (ಎಲ್ರ ಯೂಸರ್ ಪಾಸ್‌ವರ್ಡೂ ಸರ್ವರ್‌ನಲ್ಲೇ ಇಡೋದು) ಡಿಪಾರ್ಟ್‌ಮೆಂಟ್ ಪ್ರಕಾರ ಫೋಲ್ಡರ್ ಪರ್ಮಿಷನ್ ಕೊಡಿ ಅಂತ ನಿಮ್ಮ ತಲೆಗೆ ಕಟ್ಟಿದಾರೆ. ಡೊಮೈನ್ ನಡೆಸೋ ಆಕ್ಟಿವ್ ಡೈರೆಕ್ಟರಿಯ ವಿಝಾರ್ಡ್ ನೆಕ್ಸ್ಟ್ ನೆಕ್ಸ್ಟ್ ಅಂತ ಅರ್ಧ ಗಂಟೇಲಿ ಮುಗಿಯುತ್ತೆ, ಕಷ್ಟ ಶುರುವಾಗೋದು ಸೋಮವಾರ ಬೆಳಿಗ್ಗೆ ಎಲ್ರೂ ಬಂದು ಲಾಗಿನ್ ಆದ್ಮೇಲೆ. ‘ಸಾರ್ ಫೋಲ್ಡರ್ ಓಪನ್ ಆಗ್ತಿಲ್ಲ’ ಅನ್ನೋ ಒಂದೇ ಮಾತಿನ ಹಿಂದೆ ಹತ್ತು ಥರ ಕಾಯಿಲೆ ಇರುತ್ತೆ.

ಸಾಮಾನ್ಯವಾಗಿ ನಡೆಯೋದೇನು ಅಂದ್ರೆ, ಫೋನ್ ಬಂದ ತಕ್ಷಣ ಸರ್ವರ್‌ಗೆ ಹೋಗಿ ಸೆಕ್ಯುರಿಟಿ ಟ್ಯಾಬ್ ತೆಗೆದು ಆ ಯೂಸರ್ ಹೆಸರನ್ನ ಸೇರಿಸಿ ಫುಲ್ ಕಂಟ್ರೋಲ್ ಟಿಕ್ ಮಾಡೋದು. ಅದಕ್ಕೂ ಸರಿ ಹೋಗ್ಲಿಲ್ಲ ಅಂದ್ರೆ ಎವ್ರಿಒನ್. ನನ್ನ ಪ್ರಕಾರ ಇದೇ ದೊಡ್ಡ ರೋಗ, ಯಾಕಂದ್ರೆ ಆಕ್ಸೆಸ್ ಡಿನೈಡ್ ಅಂತ ಬರೋದ್ರಲ್ಲಿ ಎಷ್ಟೋ ಸಲ ಪರ್ಮಿಷನ್ ತಪ್ಪೇ ಇರಲ್ಲ. ಸರ್ವರ್ ಹೆಸರು ಸಿಗ್ತಿದ್ಯಾ, ಗಡಿಯಾರ ಸರಿ ಇದ್ಯಾ, ಸರ್ವರ್ ಈ ಮನುಷ್ಯನನ್ನ ಯಾರು ಅಂತ ಅಂದ್ಕೊಂಡಿದೆ, ಶೇರ್ ಬಿಡ್ತಿದ್ಯಾ, ಕೊನೇಲಿ ಎನ್‌ಟಿಎಫ್‌ಎಸ್, ಅಂದ್ರೆ ಡಿಸ್ಕ್ ಮೇಲಿನ ಫೋಲ್ಡರ್ ಪರ್ಮಿಷನ್, ಬಿಡ್ತಿದ್ಯಾ, ಈ ಕ್ರಮದಲ್ಲೇ ಒಂದೊಂದಾಗಿ ನೋಡ್ಕೊಂಡು ಬನ್ನಿ. ಪರ್ಮಿಷನ್ ಕೊನೇದು, ಮೊದಲನೇದಲ್ಲ.

ಸಿಸ್ಟಮ್ ಡೊಮೈನ್‌ಗೆ ಸೇರ್ತಾನೇ ಇಲ್ಲ

‘ಡೊಮೈನ್ ಕಂಟ್ರೋಲರ್ ಕಾಂಟ್ಯಾಕ್ಟ್ ಮಾಡಕ್ಕಾಗ್ಲಿಲ್ಲ’ (ಡೊಮೈನ್ ನಡೆಸೋ ಸರ್ವರ್ ಸಿಗ್ಲಿಲ್ಲ) ಅಂತ ಬಂದ್ರೆ ಆ ಬಾಕ್ಸ್‌ನಲ್ಲಿ ಡೀಟೇಲ್ಸ್ ಬಟನ್ ಇರುತ್ತೆ, ಯಾರೂ ಒತ್ತಲ್ಲ, ಒತ್ತಿ. ಕೋಡ್ ಕೊನೇಲಿ 232ಬಿ ಅಂತ ಇದ್ರೆ ಡಿಎನ್‌ಎಸ್ ಸರ್ವರ್, ಅಂದ್ರೆ ಹೆಸರು ಕೇಳಿದ್ರೆ ಐಪಿ ಹೇಳೋ ಸರ್ವರ್, ಉತ್ತರ ಕೊಟ್ಟಿದೆ, ಆದ್ರೆ ‘ಅಂಥ ಹೆಸರೇ ನಂಗೆ ಗೊತ್ತಿಲ್ಲ’ ಅಂದಿದೆ ಅಂತ ಅರ್ಥ. ಅಂದ್ರೆ ನೆಟ್‌ವರ್ಕ್ ಚೆನ್ನಾಗೇ ಇದೆ, ನೀವು ಕೇಳ್ತಿರೋದು ತಪ್ಪು ಜಾಗದಲ್ಲಿ. ಕ್ಲೈಂಟ್‌ನಲ್ಲಿ, ಅಂದ್ರೆ ಯೂಸರ್ ಸಿಸ್ಟಮ್‌ನಲ್ಲಿ, ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ /ಆಲ್ (ipconfig /all) ಹೊಡೀರಿ, ಡಿಎನ್‌ಎಸ್ ಸರ್ವರ್ಸ್ ಅನ್ನೋ ಸಾಲಲ್ಲಿ ರೂಟರ್ ಐಪಿ ಇದ್ರೆ ಅಥ್ವಾ 8.8.8.8 (ಗೂಗಲ್ ಡಿಎನ್‌ಎಸ್) ಇದ್ರೆ ಅಲ್ಲೇ ಸಿಕ್ತು. ಅಲ್ಲಿ ನಿಮ್ಮ ಡೊಮೈನ್ ಕಂಟ್ರೋಲರ್ ಐಪಿ, ಉದಾಹರಣೆಗೆ 192.168.1.10, ಅದೊಂದೇ ಇರ್ಬೇಕು.

‘ಆಲ್ಟರ್ನೇಟ್‌ನಲ್ಲಿ 8.8.8.8 ಇಟ್ಟಿರ್ತೀನಿ ಸಾರ್, ಸರ್ವರ್ ಆಫ್ ಆದ್ರೂ ಇಂಟರ್‌ನೆಟ್ ಬರುತ್ತೆ’ ಅಂತ ಎಲ್ರೂ ಹೇಳ್ತಾರೆ. ಇದು ಕೇಳಕ್ಕೆ ಚೆನ್ನಾಗಿದೆ, ಆದ್ರೆ ವಿಂಡೋಸ್ ಮೊದಲನೇದು ಒಂದ್ಸಲ ಲೇಟಾಗಿ ಉತ್ತರ ಕೊಟ್ರೂ ಎರಡನೇದಕ್ಕೆ ಹೋಗ್ಬಿಡುತ್ತೆ, ಅದು ‘ಅಂಥ ಹೆಸರಿಲ್ಲ’ ಅಂದ್ರೆ ಅದನ್ನೇ ಕೊನೇ ಮಾತು ಅಂತ ನಂಬುತ್ತೆ, ವಾಪಸ್ ಮೊದಲನೇದನ್ನ ಕೇಳಲ್ಲ. ಹಾಗಾಗಿ ಬೆಳಿಗ್ಗೆ ಚೆನ್ನಾಗಿದ್ದಿದ್ದು ಮಧ್ಯಾಹ್ನ ಹೋಗುತ್ತೆ, ರೀಸ್ಟಾರ್ಟ್ ಮಾಡಿದ್ರೆ ಬರುತ್ತೆ, ಈ ಥರ ದೆವ್ವ ಹಿಡಿದ ಹಾಗೆ ಆಡೋ ಕಂಪ್ಲೇಂಟ್ ಇದ್ರೆ ಮೊದಲು ಆಲ್ಟರ್ನೇಟ್ ಡಿಎನ್‌ಎಸ್ ನೋಡಿ. ಹೊರಗಿನ ಹೆಸರುಗಳಿಗೆ ಸರ್ವರ್ ಮೇಲೆ ಡಿಎನ್‌ಎಸ್ ಮ್ಯಾನೇಜರ್‌ನಲ್ಲಿ ಫಾರ್ವರ್ಡರ್ಸ್ ಅಂತ ಇದೆ, 8.8.8.8 ಹಾಕೋ ಜಾಗ ಅದು, ಕ್ಲೈಂಟ್ ಅಲ್ಲ.

ಐಪಿವಿ4 ಎಲ್ಲ ಸರಿ ಇದೆ, ಡಿಎನ್‌ಎಸ್‌ನಲ್ಲಿ ಸರ್ವರ್ ಐಪಿ ಒಂದೇ ಇದೆ, ಆದ್ರೂ ಸೇರ್ತಿಲ್ವಾ? ಐಪಿಕಾನ್ಫಿಗ್ ಔಟ್‌ಪುಟ್‌ನಲ್ಲಿ ಡಿಎನ್‌ಎಸ್ ಸಾಲಿನ ಮೇಲೆ ಉದ್ದಕ್ಕೆ ಕೋಲನ್ ಕೋಲನ್ ಇರೋ ಐಪಿವಿ6 ಅಡ್ರೆಸ್ ಇದ್ಯಾ ನೋಡಿ. ಈಗಿನ ಫೈಬರ್ ರೂಟರ್‌ಗಳು ನಾನೇ ಡಿಎನ್‌ಎಸ್ ಅಂತ ಐಪಿವಿ6ನಲ್ಲಿ ಕೂಗ್ತಾ ಇರ್ತವೆ, ಕ್ಲೈಂಟ್ ಅದನ್ನ ಕೇಳಿಸ್ಕೊಂಡು ಮೊದಲು ಅಲ್ಲಿಗೇ ಹೋಗುತ್ತೆ. ರೂಟರ್‌ನಲ್ಲಿ ಐಪಿವಿ6 ಡಿಎನ್‌ಎಸ್ ಹಂಚೋದನ್ನ ನಿಲ್ಸಿ. ಅದೇ ಕೈಯಲ್ಲಿ ರೂಟರ್‌ನ ಡಿಎಚ್‌ಸಿಪಿಯನ್ನೂ (ಸಿಸ್ಟಮ್‌ಗಳಿಗೆ ಐಪಿ ಹಂಚೋದು) ಆಫ್ ಮಾಡಿ ಸರ್ವರ್ ಮೇಲೆ ಡಿಎಚ್‌ಸಿಪಿ ರೋಲ್ ಹಾಕಿ, ಆದ್ರೆ ಅದನ್ನ ಆಥರೈಝ್ ಮಾಡೋದು ಮರೀಬೇಡಿ, ಡೊಮೈನ್‌ನಲ್ಲಿ ಆಥರೈಝ್ ಆಗದ ವಿಂಡೋಸ್ ಡಿಎಚ್‌ಸಿಪಿ ಸರ್ವರ್ ಐಪಿ ಕೊಡಲ್ಲ, ಸುಮ್ಮನೆ ಕೂತಿರುತ್ತೆ. ಆಗ ಕ್ಲೈಂಟ್‌ಗಳಲ್ಲಿ 169.254 ಅಂತ ಶುರುವಾಗೋ ಅಡ್ರೆಸ್ ಕಾಣುತ್ತೆ.

ಡಿಎನ್‌ಎಸ್ ನಿಜವಾಗ್ಲೂ ಸರಿ ಇದ್ಯಾ ಅನ್ನೋದಕ್ಕೆ ಪಿಂಗ್ ಸಾಕಾಗಲ್ಲ. ಕ್ಲೈಂಟ್ ಡೊಮೈನ್ ಕಂಟ್ರೋಲರ್‌ನ ಹುಡುಕೋದು ಎಸ್‌ಆರ್‌ವಿ ರೆಕಾರ್ಡ್ ಮೂಲಕ, ಯಾವ ಸೇವೆ ಯಾವ ಸರ್ವರ್‌ನಲ್ಲಿದೆ ಅಂತ ಹೇಳೋ ಡಿಎನ್‌ಎಸ್ ಸಾಲು ಅದು. ಎನ್‌ಎಸ್‌ಲುಕಪ್ -ಟೈಪ್=ಎಸ್‌ಆರ್‌ವಿ ಅಂತ ಹಾಕಿ ಮುಂದೆ _ಎಲ್‌ಡ್ಯಾಪ್._ಟಿಸಿಪಿ.ಡಿಸಿ._ಎಂಎಸ್‌ಡಿಸಿಎಸ್ (_ldap._tcp.dc._msdcs) ಆದ್ಮೇಲೆ ಚುಕ್ಕಿ ಇಟ್ಟು ನಿಮ್ಮ ಡೊಮೈನ್ ಹೆಸರು ಬರೀರಿ, ಉತ್ತರದಲ್ಲಿ ನಿಮ್ಮ ಸರ್ವರ್ ಹೆಸರು, ಪೋರ್ಟ್ 389 ಬರ್ಬೇಕು. ಬರ್ಲಿಲ್ಲ ಅಂದ್ರೆ ಸರ್ವರ್ ಮೇಲೆ ನೆಟ್‌ಲಾಗಾನ್ ಸರ್ವಿಸ್ ರೀಸ್ಟಾರ್ಟ್ ಮಾಡಿ, ಅದು ತನ್ನ ರೆಕಾರ್ಡ್‌ಗಳನ್ನ ಮತ್ತೆ ಬರ್ಕೊಳ್ಳುತ್ತೆ. ಹೆಸರು ಬಂತು ಆದ್ರೆ ಜೊತೆಗೆ ಬಂದ ಐಪಿ ವಿಚಿತ್ರವಾಗಿದೆ ಅಂದ್ರೆ ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಎರಡೂ ಕನೆಕ್ಟ್ ಆಗಿದ್ಯಾ ನೋಡಿ, ಡೊಮೈನ್ ಕಂಟ್ರೋಲರ್ ತನ್ನ ಎಲ್ಲ ಐಪಿಗಳನ್ನೂ ಡಿಎನ್‌ಎಸ್‌ನಲ್ಲಿ ಬರ್ಸ್ಕೊಂಡ್ಬಿಡುತ್ತೆ, ಅರ್ಧ ಜನಕ್ಕೆ ಸರಿಯಾದ್ದು ಸಿಗುತ್ತೆ ಅರ್ಧ ಜನಕ್ಕೆ ಸಿಗಲ್ಲ. ಒಂದೇ ಕಾರ್ಡ್ ಒಂದೇ ಐಪಿ ಇಡಿ.

ಇನ್ನೊಂದು, ಸೆಟ್ಟಿಂಗ್ಸ್‌ನಲ್ಲಿ ಡೊಮೈನ್ ಅನ್ನೋ ಆಪ್ಷನ್ನೇ ಇಲ್ಲ ಅಂದ್ರೆ ಆ ಲ್ಯಾಪ್‌ಟಾಪ್‌ನಲ್ಲಿ ಇರೋದು ವಿಂಡೋಸ್ ಹೋಮ್ ಸಿಂಗಲ್ ಲ್ಯಾಂಗ್ವೇಜ್. ಅಂಗಡಿಯಿಂದ ತಂದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಅದೇ ಬರೋದು, ಹೋಮ್ ಎಡಿಷನ್ ಡೊಮೈನ್‌ಗೆ ಸೇರಲ್ಲ, ಪ್ರೋ ಕೀ ತಗೊಂಡು ಹಾಕಿ, ಫಾರ್ಮ್ಯಾಟ್ ಬೇಕಾಗಿಲ್ಲ. ಸರ್ವರ್ ಕೊಟೇಶನ್ ಮಾಡೋವಾಗ್ಲೇ ಇದನ್ನ ಎಣಿಸಿ ಓನರ್‌ಗೆ ಹೇಳಿ, ಆಮೇಲೆ ಹೇಳಿದ್ರೆ ನಿಮ್ಮನ್ನೇ ಕೇಳ್ತಾರೆ.

ಡೊಮೈನ್ ಹೆಸರು ಆಫೀಸ್ ವೆಬ್‌ಸೈಟ್ ಹೆಸರೇ ಇಟ್ಬಿಟ್ಟಿದ್ರೆ ಒಂದು ತಮಾಷೆ ಆಗುತ್ತೆ, ಜಗತ್ತಿಗೆಲ್ಲ ವೆಬ್‌ಸೈಟ್ ಓಪನ್ ಆಗುತ್ತೆ, ಆಫೀಸ್ ಒಳಗೆ ಮಾತ್ರ ಆಗಲ್ಲ, ಯಾಕಂದ್ರೆ ಒಳಗಿನ ಡಿಎನ್‌ಎಸ್ ಆ ಹೆಸರಿಗೆ ತಾನೇ ಯಜಮಾನ ಅಂದ್ಕೊಂಡಿರುತ್ತೆ, ಹೊರಗೆ ಕೇಳೋದೇ ಇಲ್ಲ. ಒಳಗಿನ ಝೋನ್‌ನಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಅಂತ ಒಂದು ಎ ರೆಕಾರ್ಡ್ (ಹೆಸರಿಗೆ ಐಪಿ ಹೇಳೋ ಸಾಲು) ಮಾಡಿ ಹೊರಗಿನ ಐಪಿ ಕೊಡಿ. ಇನ್ನೂ ಮಾಡಿಲ್ಲ ಅಂದ್ರೆ ವೆಬ್‌ಸೈಟ್ ಹೆಸರಿನ ಶುರುವಲ್ಲಿ ‘ಎಡಿ’ ಅಂತ ಹಾಕಿ ಚುಕ್ಕಿ ಇಟ್ಟು ಸಬ್‌ಡೊಮೈನ್ ಮಾಡ್ಕೊಳ್ಳಿ, ತಲೆನೋವೇ ಇಲ್ಲ. ಡಾಟ್ ಲೋಕಲ್ ಬೇಡ, ಅದನ್ನ 2013ರಲ್ಲೇ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ (ಸರ್ವರ್ ಇಲ್ದೆ ಸಿಸ್ಟಮ್‌ಗಳೇ ಹೆಸರು ಹುಡ್ಕೊಳ್ಳೋ ವ್ಯವಸ್ಥೆ) ಅಂತ ಎತ್ತಿಟ್ಟಿದಾರೆ, ಮ್ಯಾಕ್ ಇರೋ ಆಫೀಸ್‌ಗಳಲ್ಲಿ ಕಾಟ ಕೊಡುತ್ತೆ.

ಹೆಸರು ಸಿಗುತ್ತೆ, ಪಾಸ್‌ವರ್ಡೂ ಸರಿ, ಆದ್ರೂ ಬೇಡ ಅನ್ನುತ್ತೆ

ಹಳೇ ಸಿಸ್ಟಮ್ ಫಾರ್ಮ್ಯಾಟ್ ಮಾಡಿ ಅದೇ ಹೆಸರಲ್ಲಿ ಮತ್ತೆ ಸೇರಿಸೋವಾಗ ‘ಇದೇ ಹೆಸರಿನ ಅಕೌಂಟ್ ಆಗ್ಲೇ ಇದೆ, ಮತ್ತೆ ಬಳಸೋದನ್ನ ಸೆಕ್ಯುರಿಟಿ ಪಾಲಿಸಿ ತಡೆದಿದೆ’ ಅಂತ ಬಂದ್ರೆ, ಎರರ್ 2732, ಅದು ನಿಮ್ಮ ತಪ್ಪಲ್ಲ, ಅಕ್ಟೋಬರ್ 2022ರ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಇದನ್ನ ಬಿಗಿ ಮಾಡಿದೆ. ಆಕ್ಟಿವ್ ಡೈರೆಕ್ಟರಿ ಯೂಸರ್ಸ್ ಅಂಡ್ ಕಂಪ್ಯೂಟರ್ಸ್‌ನಲ್ಲಿ ಹಳೇ ಕಂಪ್ಯೂಟರ್ ಅಕೌಂಟ್ ಡಿಲೀಟ್ ಮಾಡಿ ಸೇರಿಸಿ, ಇಲ್ಲಾಂದ್ರೆ ಬೇರೆ ಹೆಸರಿಡಿ. ಹತ್ತು ಸಿಸ್ಟಮ್ ಸೇರಿತು ಹನ್ನೊಂದನೇದು ಸೇರ್ತಿಲ್ಲ ಅಂದ್ರೆ ನೀವು ಸಾಮಾನ್ಯ ಯೂಸರ್ ಪಾಸ್‌ವರ್ಡ್ ಕೊಟ್ಟು ಸೇರಿಸ್ತಿದೀರಿ, ಸಾಮಾನ್ಯ ಯೂಸರ್‌ಗೆ ಹತ್ತರ ಮಿತಿ ಇದೆ. ಇನ್ನೂ ಗೊತ್ತಾಗ್ತಿಲ್ಲ ಅಂದ್ರೆ ಕ್ಲೈಂಟ್‌ನಲ್ಲಿ ವಿಂಡೋಸ್ ಫೋಲ್ಡರ್ ಒಳಗೆ ಡೀಬಗ್ ಅನ್ನೋ ಫೋಲ್ಡರ್‌ನಲ್ಲಿ ನೆಟ್‌ಸೆಟಪ್ ಲಾಗ್ ಇದೆ, ಕೊನೇ ಇಪ್ಪತ್ತು ಮೂವತ್ತು ಸಾಲು ಓದಿ, ಎಲ್ಲಿ ಮುಗ್ಗರಿಸಿದೆ ಅಂತ ಬರೆದಿರುತ್ತೆ.

ಗಡಿಯಾರದ ವಿಷಯ ತುಂಬಾ ಜನ ಲೆಕ್ಕಕ್ಕೇ ತಗೊಳ್ಳಲ್ಲ. ಡೊಮೈನ್‌ನಲ್ಲಿ ಯಾರು ಅಂತ ಪರೀಕ್ಷಿಸಿ ಟಿಕೆಟ್ ಕೊಡೋ ಕರ್ಬರೋಸ್ ಡೀಫಾಲ್ಟ್ ಆಗಿ 5 ನಿಮಿಷದ ವ್ಯತ್ಯಾಸದವರೆಗೆ ಸಹಿಸುತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ಟಿಕೆಟ್ ಕೊಡಲ್ಲ. ಹಳೇ ಡೆಸ್ಕ್‌ಟಾಪ್‌ನಲ್ಲಿ ಸಿಮೋಸ್ ಬ್ಯಾಟರಿ ಸತ್ತಿದ್ರೆ ಕರೆಂಟ್ ಹೋಗಿ ಬಂದ ದಿನ ಮಾತ್ರ ಲಾಗಿನ್ ಪ್ರಾಬ್ಲಮ್ ಬರುತ್ತೆ, ನೀವು ಡಿಎನ್‌ಎಸ್ ಹುಡುಕ್ತಾ ಕೂತಿರ್ತೀರ. ಒಂದೇ ಸಿಸ್ಟಮ್ ಆದ್ರೆ ಆ ಬ್ಯಾಟರಿ, ಎಲ್ಲ ಸಿಸ್ಟಮ್‌ಗಳೂ ಒಂದೇ ಥರ ತಪ್ಪಾದ್ರೆ ಸರ್ವರ್. ಸರ್ವರ್ ಮೇಲೆ ಡಬ್ಲ್ಯೂ32ಟಿಎಂ /ಕ್ವೆರಿ /ಸೋರ್ಸ್ ಹೊಡೀರಿ, ‘ಲೋಕಲ್ ಸಿಮೋಸ್ ಕ್ಲಾಕ್’ ಅಂತ ಬಂದ್ರೆ ಅದು ಯಾರನ್ನೂ ಕೇಳ್ದೆ ತನ್ನದೇ ಟೈಮ್ ನಡೆಸ್ತಿದೆ. ಡೊಮೈನ್‌ನಲ್ಲಿ ಎಲ್ಲ ಕ್ಲೈಂಟ್‌ಗಳೂ ಟೈಮ್ ತಗೊಳ್ಳೋದು ಕೊನೆಗೆ ಪಿಡಿಸಿ ಎಮ್ಯುಲೇಟರ್ ಅನ್ನೋ ರೋಲ್ ಇರೋ ಡೊಮೈನ್ ಕಂಟ್ರೋಲರ್‌ನಿಂದ, ನಿಮ್ಮತ್ರ ಇರೋದೇ ಒಂದು ಅಂದ್ರೆ ಅದೇ. ಅದಕ್ಕೆ ಹೊರಗಿನ ಎನ್‌ಟಿಪಿ (ಟೈಮ್ ಸರ್ವರ್) ಕೊಡಿ. ನಮ್ಮ ದೇಶದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರ ನಿರ್ದೇಶನದಲ್ಲಿ ಕಂಪನಿಗಳೂ ಎನ್‌ಐಸಿ ಅಥ್ವಾ ಎನ್‌ಪಿಎಲ್ ಟೈಮ್ ಸರ್ವರ್‌ಗೆ, ಇಲ್ಲಾಂದ್ರೆ ಅವುಗಳಿಗೆ ತಾಳೆಯಾಗೋ ಟೈಮ್ ಸರ್ವರ್‌ಗೆ ಹೊಂದಿಸ್ಕೊಳ್ಬೇಕು ಅಂತ ಹೇಳಿದೆ, ಹೇಗೂ ಹಾಕ್ಬೇಕಲ್ಲ ಅದನ್ನೇ ಹಾಕಿ. ಫೈರ್‌ವಾಲ್‌ನಲ್ಲಿ ಯುಡಿಪಿ 123 ಹೊರಗೆ ಹೋಗಕ್ಕೆ ಬಿಡ್ಬೇಕು. ಸರ್ವರ್ ಹೈಪರ್-ವಿ (ಒಂದೇ ಮಷೀನ್‌ನಲ್ಲಿ, ಅಂದ್ರೆ ಹೋಸ್ಟ್‌ನಲ್ಲಿ, ಹಲವು ವಿಂಡೋಸ್ ಓಡಿಸೋ ಸೌಲಭ್ಯ) ಒಳಗಿನ ವರ್ಚುವಲ್ ಮಷೀನ್ ಆಗಿದ್ರೆ ಅದರ ಟೈಮ್ ಸಿಂಕ್ರನೈಝೇಷನ್ ಟಿಕ್ ತೆಗೀರಿ, ಇಲ್ಲಾಂದ್ರೆ ಹೋಸ್ಟ್ ಡೊಮೈನ್ ಕಂಟ್ರೋಲರ್‌ನ ನೋಡ್ಕೊಂಡು, ಡೊಮೈನ್ ಕಂಟ್ರೋಲರ್ ಹೋಸ್ಟ್‌ನ ನೋಡ್ಕೊಂಡು ಇಬ್ರೂ ಸೇರಿ ನಿಧಾನಕ್ಕೆ ದಾರಿ ತಪ್ತಾರೆ.

ವರ್ಚುವಲ್ ಅಂದಾಗ ನೆನಪಾಯ್ತು, ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಲೈಸೆನ್ಸ್‌ನಲ್ಲಿ ಎರಡು ವರ್ಚುವಲ್ ಮಷೀನ್‌ಗೆ ಹಕ್ಕಿದೆ, ಹೋಸ್ಟ್‌ನ ಬರೀ ಹೈಪರ್-ವಿಗೆ ಬಿಟ್ರೆ. ಒಂದ್ರಲ್ಲಿ ಡೊಮೈನ್ ಕಂಟ್ರೋಲರ್, ಇನ್ನೊಂದ್ರಲ್ಲಿ ಫೈಲ್ ಸರ್ವರ್ ಹಾಕಿ. ಎರಡೂ ಒಂದೇ ವರ್ಚುವಲ್ ಮಷೀನ್ ಒಳಗೆ ಇಟ್ರೆ ಫೈಲ್ ಸರ್ವರ್ ರೀಸ್ಟಾರ್ಟ್ ಮಾಡಿದಾಗೆಲ್ಲ ಆಫೀಸ್ ಪೂರ್ತಿ ಡಿಎನ್‌ಎಸ್ ಹೋಗುತ್ತೆ.

ಸರ್ವರ್ ರೀಸ್ಟಾರ್ಟ್ ಆದ್ಮೇಲೆ ಯಾರಿಗೂ ಏನೂ ಸಿಗ್ತಿಲ್ಲ

ರಾತ್ರಿ ಅಪ್‌ಡೇಟ್ ಆಗಿದೆ, ಬೆಳಿಗ್ಗೆ ಸರ್ವರ್ ಆನ್ ಇದೆ, ಆದ್ರೆ ಪಿಂಗೂ ಇಲ್ಲ ಶೇರೂ ಇಲ್ಲ. ಸರ್ವರ್ ಮುಂದೆ ಕೂತು ನೆಟ್‌ವರ್ಕ್ ಪ್ರೊಫೈಲ್ ನೋಡಿ, ಡೊಮೈನ್ ಅಂತ ಇರ್ಬೇಕಾದ್ದು ಪಬ್ಲಿಕ್ ಅಂತ ಇದ್ರೆ ಫೈರ್‌ವಾಲ್ ತಪ್ಪು ಪ್ರೊಫೈಲ್‌ನಲ್ಲಿ ಕೂತಿದೆ. ಒಂದೇ ಡೊಮೈನ್ ಕಂಟ್ರೋಲರ್ ಇರೋ ಜಾಗದಲ್ಲಿ ಇದು ಜಾಸ್ತಿ, ಯಾಕಂದ್ರೆ ಬೂಟ್ ಆಗೋವಾಗ ಅದು ಡೊಮೈನ್ ಇದ್ಯಾ ಅಂತ ತನ್ನನ್ನೇ ತಾನು ಕೇಳುತ್ತೆ, ಆಗ ಇನ್ನೂ ತನ್ನ ಸರ್ವಿಸ್‌ಗಳೇ ಎದ್ದಿರಲ್ಲ. ನೆಟ್‌ವರ್ಕ್ ಅಡಾಪ್ಟರ್ ಡಿಸೇಬಲ್ ಮಾಡಿ ಎನೇಬಲ್ ಮಾಡಿದ್ರೆ ತಕ್ಷಣಕ್ಕೆ ಸರಿ ಹೋಗುತ್ತೆ. ಸರ್ವರ್ 2025ನಲ್ಲಿ ಈ ತೊಂದರೆ ಇದೆ ಅಂತ ಮೈಕ್ರೋಸಾಫ್ಟೇ 2025ರಲ್ಲಿ ಒಪ್ಕೊಂಡು ಆಮೇಲೆ ಅಪ್‌ಡೇಟ್ ಕೊಡ್ತು, ಹಾಗಾಗಿ ಅಪ್‌ಡೇಟ್ ಬಾಕಿ ಇದ್ರೆ ಹಾಕಿ. ಫೈರ್‌ವಾಲೇ ಆಫ್ ಮಾಡೋದು ಪರಿಹಾರ ಅಲ್ಲ, ಯಾರು ಹೇಳಿದ್ರೂ.

ಪ್ರೊಫೈಲ್ ಸರಿ ಇದೆ ಅಂದ್ರೆ ಸರ್ವರ್‌ನಲ್ಲಿ ನೆಟ್ ಶೇರ್ ಅಂತ ಹೊಡೀರಿ, ಸಿಸ್‌ವಾಲ್, ನೆಟ್‌ಲಾಗಾನ್ ಅನ್ನೋ ಡೊಮೈನ್‌ನ ಸ್ವಂತ ಶೇರ್ ಎರಡೂ ಕಾಣ್ಬೇಕು. ಕಾಣ್ತಿಲ್ಲ ಅಂದ್ರೆ ಡೊಮೈನ್ ಕಂಟ್ರೋಲರ್ ಪೂರ್ತಿ ಎದ್ದಿಲ್ಲ, ಡಿಸಿಡಯಾಗ್ ಓಡಿಸಿ ಯಾವುದು ಫೇಲ್ ಅಂತ ನೋಡಿ. ಫೋಲ್ಡರ್ ಕಡೆ ಆಗ ಹೋಗ್ಲೇಬೇಡಿ.

ಈಗ ಫೋಲ್ಡರ್: ಮೊದಲು ಯಾರು ಅಂತ ಕೇಳಿ

ಯೂಸರ್ ಸಿಸ್ಟಮ್ ಮುಂದೆ ಕೂತು ಮೊದಲು ಹೊಡೀಬೇಕಾದ್ದು ಹೂಆಮ್‌ಐ (whoami), ಆಮೇಲೆ ಹೂಆಮ್‌ಐ /ಗ್ರೂಪ್ಸ್. ಡೊಮೈನ್ ಹೆಸರಿನ ಬದ್ಲು ಕಂಪ್ಯೂಟರ್ ಹೆಸರು ಬಂದ್ರೆ ಆ ಮನುಷ್ಯ ಇನ್ನೂ ಹಳೇ ಲೋಕಲ್ ಅಕೌಂಟ್‌ನಲ್ಲೇ ಇದಾನೆ, ವಾಲ್‌ಪೇಪರ್ ಚೆನ್ನಾಗಿದೆ ಅಂತ ಅದಕ್ಕೇ ಲಾಗಿನ್ ಆಗ್ತಿದಾನೆ. ಡೊಮೈನ್ ಹೆಸರು ಬಂತು ಆದ್ರೆ ನೀವು ಈಗಷ್ಟೇ ಸೇರಿಸಿದ ಗ್ರೂಪ್ ಪಟ್ಟೀಲಿ ಇಲ್ಲ ಅಂದ್ರೆ, ಸೈನ್ ಔಟ್ ಮಾಡಿ ಮತ್ತೆ ಸೈನ್ ಇನ್. ಲಾಕ್ ಮಾಡಿ ಅನ್‌ಲಾಕ್ ಮಾಡೋದನ್ನ ನಂಬ್ಕೋಬೇಡಿ. ಗ್ರೂಪ್ ಸದಸ್ಯತ್ವ ಲಾಗಿನ್ ಆಗೋವಾಗ ಟಿಕೆಟ್ ಒಳಗೆ ಸೇರುತ್ತೆ, ಆ ಟಿಕೆಟ್ ಆಯಸ್ಸು ಡೀಫಾಲ್ಟ್ ಆಗಿ 10 ಗಂಟೆ, ಅಲ್ಲಿವರೆಗೂ ಫೈಲ್ ಸರ್ವರ್‌ಗೆ ಹಳೇ ಕಥೆನೇ ಗೊತ್ತಿರೋದು. ‘ನಿನ್ನೆ ಏನೇನೋ ಮಾಡಿದ್ರೂ ಆಗ್ಲಿಲ್ಲ, ಇವತ್ತು ತಾನಾಗೇ ಸರಿ ಹೋಯ್ತು’ ಅನ್ನೋದರ ಹಿಂದೆ ಇರೋದು ಹೆಚ್ಚಾಗಿ ಇದೇ, ಆದ್ರೆ ನಿನ್ನೆ ಸಂಜೆ ‘ಏನೇನೋ’ ಅಂತ ಕೊಟ್ಟ ಫುಲ್ ಕಂಟ್ರೋಲ್ ಮಾತ್ರ ಅಲ್ಲೇ ಉಳ್ಕೊಂಡಿರುತ್ತೆ.

ಮತ್ತೆ ಲಾಗಿನ್ ಆಯ್ತು ಅಂದ ಮಾತ್ರಕ್ಕೆ ಸರ್ವರ್ ಸಿಕ್ಕಿದೆ ಅಂತ ಅಲ್ಲ, ಹಿಂದೆ ಲಾಗಿನ್ ಆದೋರ ಪಾಸ್‌ವರ್ಡ್ ಗುರುತನ್ನ ವಿಂಡೋಸ್ ತನ್ನಲ್ಲೇ ಇಟ್ಕೊಂಡಿರುತ್ತೆ, ನೆಟ್‌ವರ್ಕ್ ಕೇಬಲ್ ಕಿತ್ತಿದ್ರೂ ಡೆಸ್ಕ್‌ಟಾಪ್ ಬರುತ್ತೆ. ವೈಫೈ ಲ್ಯಾಪ್‌ಟಾಪ್‌ಗಳಲ್ಲಿ ಇದು ಚೆನ್ನಾಗಿ ಯಾಮಾರಿಸುತ್ತೆ.

ಸರ್ವರ್ ಹೆಸರಿಂದ ಹೋದ್ರೆ ಆಗಲ್ಲ, ಐಪಿ ಹಾಕಿ ಹೋದ್ರೆ ಫೋಲ್ಡರ್ ಓಪನ್ ಆಗುತ್ತೆ ಅಂದ್ರೆ ಖುಷಿಪಟ್ಟು ಐಪಿ ಶಾರ್ಟ್‌ಕಟ್ ಮಾಡ್ಕೊಟ್ಟು ಬರ್ಬೇಡಿ. ಐಪಿಯಲ್ಲಿ ಹೋದ್ರೆ ಕರ್ಬರೋಸ್ ಬದ್ಲು ಎನ್‌ಟಿಎಲ್‌ಎಂ ಅನ್ನೋ ಹಳೇ ಥರದ ಗುರುತು ಪರೀಕ್ಷೆ ನಡೆಯುತ್ತೆ, ಅಂದ್ರೆ ತೊಂದರೆ ಡಿಎನ್‌ಎಸ್, ಟೈಮ್ ಅಥ್ವಾ ಟಿಕೆಟ್ ಹತ್ರ ಇದೆ, ಪರ್ಮಿಷನ್ ಹತ್ರ ಅಲ್ಲ ಅಂತ ನಿಮಗೆ ಪುಕ್ಕಟೆ ಸುಳಿವು ಸಿಕ್ತು. ಇನ್ನೊಂದು ಥರ ಇದೆ, ಎರರ್ 1219, ಒಂದೇ ಸರ್ವರ್‌ಗೆ ಎರಡು ಯೂಸರ್ ಹೆಸರಲ್ಲಿ ಕನೆಕ್ಟ್ ಆಗಕ್ಕಾಗಲ್ಲ ಅನ್ನೋದು. ಯಾರೋ ಯಾವಾಗ್ಲೋ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಹಾಕಿ ‘ರಿಮೆಂಬರ್’ ಟಿಕ್ ಮಾಡಿರ್ತಾರೆ. ನೆಟ್ ಯೂಸ್ ಅಂತ ಹೊಡೆದು ನೋಡಿ, ನೆಟ್ ಯೂಸ್ * /ಡಿಲೀಟ್ ಮಾಡಿ, ಕಂಟ್ರೋಲ್ ಪ್ಯಾನಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಆ ಸರ್ವರ್ ಹೆಸರಿರೋದನ್ನ ತೆಗೆದು ಮತ್ತೆ ಲಾಗಿನ್ ಮಾಡಿ. ಇದೇ ಕಾರಣಕ್ಕೆ ಉಲ್ಟಾ ಕಂಪ್ಲೇಂಟೂ ಬರುತ್ತೆ, ‘ಆ ಹುಡುಗಿಗೆ ಸ್ಯಾಲರಿ ಫೋಲ್ಡರ್ ಹೇಗೆ ಓಪನ್ ಆಗ್ತಿದೆ’ ಅಂತ, ಆಕೆ ಸಿಸ್ಟಮ್‌ನಲ್ಲಿ ನಿಮ್ಮದೇ ಪಾಸ್‌ವರ್ಡ್ ಕೂತಿರುತ್ತೆ.

ಓದಕ್ಕಾಗುತ್ತೆ, ಸೇವ್ ಮಾಡಕ್ಕಾಗಲ್ಲ

ಹೊಸಬರಿಗೆ ಅತಿ ಹೆಚ್ಚು ಸಿಗೋ ದೋಷ ಇದು. ಫೋಲ್ಡರ್‌ಗೆ ಎರಡು ಥರ ಪರ್ಮಿಷನ್ ಇರುತ್ತೆ, ಶೇರ್ ಪರ್ಮಿಷನ್ ಕಾಂಪೌಂಡ್ ಗೇಟ್ ಇದ್ದ ಹಾಗೆ, ಎನ್‌ಟಿಎಫ್‌ಎಸ್ ಪರ್ಮಿಷನ್ ಒಳಗಿನ ರೂಮಿನ ಬೀಗ ಇದ್ದ ಹಾಗೆ, ನೆಟ್‌ವರ್ಕ್‌ನಿಂದ ಬರೋರು ಎರಡನ್ನೂ ದಾಟ್ಬೇಕು, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತೆ. ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್ ಶೇರಿಂಗ್ ಮೂಲಕ ಶೇರ್ ಮಾಡಿದ್ರೆ ಡೀಫಾಲ್ಟ್ ಎವ್ರಿಒನ್‌ಗೆ ರೀಡ್ ಮಾತ್ರ. ನೀವು ಸೆಕ್ಯುರಿಟಿ ಟ್ಯಾಬ್‌ನಲ್ಲಿ ಮಾಡಿಫೈ ಕೊಟ್ಟು, ಫುಲ್ ಕಂಟ್ರೋಲ್ ಕೊಟ್ಟು, ತಲೆ ಚಚ್ಕೊಂಡ್ರೂ ಸೇವ್ ಆಗಲ್ಲ. ಸರ್ವರ್ ಮೇಲೇ ಕೂತು ಅದೇ ಯೂಸರ್‌ನಲ್ಲಿ ಡಿ ಡ್ರೈವ್‌ನಿಂದ ಓಪನ್ ಮಾಡಿದ್ರೆ ಸೇವ್ ಆಗುತ್ತೆ, ನೆಟ್‌ವರ್ಕ್‌ನಿಂದ ಆಗಲ್ಲ ಅಂದ್ರೆ ಕನ್ಫರ್ಮ್, ಗೇಟು. ಶೇರ್ ಪರ್ಮಿಷನ್‌ನಲ್ಲಿ ಆಥೆಂಟಿಕೇಟೆಡ್ ಯೂಸರ್ಸ್‌ಗೆ ಚೇಂಜ್, ನಿಮ್ಮ ಅಡ್ಮಿನ್ ಗ್ರೂಪ್‌ಗೆ ಫುಲ್ ಕೊಟ್ಟು ಅದನ್ನ ಅಲ್ಲಿಗೇ ಬಿಡಿ, ಯಾರಿಗೆ ಏನು ಅನ್ನೋ ಜಾಣತನವೆಲ್ಲ ಎನ್‌ಟಿಎಫ್‌ಎಸ್‌ನಲ್ಲಿ ಮಾತ್ರ ಮಾಡಿ. ಎರಡು ಕಡೆ ಜಾಣತನ ಮಾಡಿದ್ರೆ ಆರು ತಿಂಗಳಾದ್ಮೇಲೆ ನಿಮಗೇ ಅರ್ಥ ಆಗಲ್ಲ. ರೈಟ್ ಕ್ಲಿಕ್ ಮಾಡಿ ‘ಗಿವ್ ಆಕ್ಸೆಸ್ ಟು’ ಅನ್ನೋದನ್ನ ಸರ್ವರ್ ಮೇಲೆ ಮುಟ್ಲೇಬೇಡಿ, ಅದು ಎರಡೂ ಕಡೆ ತನ್ನಿಷ್ಟಕ್ಕೆ ಬದಲಾಯಿಸುತ್ತೆ.

ಗೇಟ್ ಸರಿ ಇದ್ದೂ ಎಕ್ಸೆಲ್ ಮಾತ್ರ ಸೇವ್ ಆಗ್ತಿಲ್ಲ, ನೋಟ್‌ಪ್ಯಾಡ್ ಫೈಲ್ ಸೇವ್ ಆಗುತ್ತೆ ಅಂದ್ರೆ ನೀವು ಓನರ್ ಮಾತು ಕೇಳಿ ಡಿಲೀಟ್ ಹಕ್ಕು ತೆಗೆದಿದೀರಿ. ‘ಎಡಿಟ್ ಮಾಡ್ಲಿ, ಡಿಲೀಟ್ ಮಾಡ್ಬಾರ್ದು’ ಅಂತ ಕೇಳದೇ ಇರೋ ಓನರ್ ನಂಗಂತೂ ಸಿಕ್ಕಿಲ್ಲ. ಆದ್ರೆ ಎಕ್ಸೆಲ್, ವರ್ಡ್ ಸೇವ್ ಮಾಡೋ ರೀತಿನೇ ಬೇರೆ, ಮೊದಲು ಒಂದು ಟೆಂಪರರಿ ಫೈಲ್ ಬರೆದು, ಹಳೇದನ್ನ ಪಕ್ಕಕ್ಕಿಟ್ಟು, ಹೊಸದಕ್ಕೆ ಆ ಹೆಸರು ಕೊಟ್ಟು, ಹಳೇದನ್ನ ಅಳಿಸುತ್ತೆ, ಅಂದ್ರೆ ಪ್ರತಿ ಸೇವ್‌ನಲ್ಲೂ ಒಂದು ಡಿಲೀಟ್ ಇದೆ. ಆ ಹಕ್ಕಿಲ್ಲ ಅಂದ್ರೆ ಎರರ್ ಬರುತ್ತೆ, ಫೋಲ್ಡರ್ ತುಂಬಾ ಟಿಎಂಪಿ ಫೈಲ್‌ಗಳು ಕಸದ ಥರ ಬಿದ್ದಿರುತ್ತೆ. ಆ ಕಸ ಕಂಡ್ರೆ ಬೇರೆ ಪರೀಕ್ಷೆ ಬೇಕಾಗಿಲ್ಲ, ಮಾಡಿಫೈ ಕೊಡಿ. ಓನರ್ ಭಯಕ್ಕೆ ಔಷಧಿ ಬೇರೆ ಇದೆ. ಡೇಟಾ ಡ್ರೈವ್ ಮೇಲೆ ಶ್ಯಾಡೋ ಕಾಪೀಸ್ ಆನ್ ಮಾಡಿ, ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು ತೆಗೆಯೋ ಹಾಗೆ ಇಡಿ, ಅಳಿಸಿದ್ದನ್ನ ಪ್ರೀವಿಯಸ್ ವರ್ಷನ್ಸ್‌ನಿಂದ ಯೂಸರೇ ವಾಪಸ್ ತಗೋಬಹುದು. ಅದು ಬ್ಯಾಕಪ್ ಅಲ್ಲ, ಡಿಸ್ಕ್ ಹೋದ್ರೆ ಅದೂ ಹೋಗುತ್ತೆ, ಬ್ಯಾಕಪ್ ಬೇರೆ ಇರ್ಲೇಬೇಕು. ಯಾರು ಅಳಿಸಿದ್ರು ಅಂತ ಬೇಕಿದ್ರೆ ಫೋಲ್ಡರ್ ಮೇಲೆ ಡಿಲೀಟ್‌ಗೆ ಆಡಿಟಿಂಗ್ ಹಾಕಿ, ಜೊತೆಗೆ ಆಡಿಟ್ ಪಾಲಿಸಿಯಲ್ಲಿ ಫೈಲ್ ಸಿಸ್ಟಮ್ ಆನ್ ಮಾಡಿ, ಸೆಕ್ಯುರಿಟಿ ಲಾಗ್‌ನಲ್ಲಿ 4663, 4660 ಇವೆಂಟ್‌ಗಳು ಹೆಸರು ಸಮೇತ ಬರುತ್ತೆ.

ಅಳಿಸೋದಕ್ಕಿಂತ ಜಾಸ್ತಿ ಆಗೋದು ಎಳೆದು ಬಿಡೋದು. ಮೌಸ್ ಜಾರಿ ಪರ್ಚೇಸ್ ಫೋಲ್ಡರ್ ಪೂರ್ತಿ ಸೇಲ್ಸ್ ಫೋಲ್ಡರ್ ಒಳಗೆ ಹೋಗಿ ಕೂತಿರುತ್ತೆ, ‘ಡೇಟಾ ಎಲ್ಲ ಹೋಯ್ತು’ ಅಂತ ಗಲಾಟೆ. ಇದಕ್ಕೆ ಡಿಪಾರ್ಟ್‌ಮೆಂಟ್ ಫೋಲ್ಡರ್‌ನ ಅಡ್ವಾನ್ಸ್ಡ್ ಸೆಕ್ಯುರಿಟಿಯಲ್ಲಿ ಒಂದೇ ಗ್ರೂಪ್‌ಗೆ ಎರಡು ಸಾಲು ಹಾಕಿ, ಮಾಡಿಫೈ ಅನ್ನೋದು ‘ಸಬ್‌ಫೋಲ್ಡರ್ಸ್ ಅಂಡ್ ಫೈಲ್ಸ್ ಓನ್ಲಿ’ಗೆ, ರೀಡ್ ಜೊತೆಗೆ ಕ್ರಿಯೇಟ್ ಫೈಲ್ಸ್, ಕ್ರಿಯೇಟ್ ಫೋಲ್ಡರ್ಸ್ ಅನ್ನೋದು ‘ದಿಸ್ ಫೋಲ್ಡರ್ ಓನ್ಲಿ’ಗೆ. ಒಳಗೆ ಏನು ಬೇಕಾದ್ರೂ ಮಾಡ್ಬಹುದು, ಆ ಮೇಲಿನ ಫೋಲ್ಡರ್‌ನ ಮಾತ್ರ ಅಲ್ಲಾಡಿಸಕ್ಕಾಗಲ್ಲ. ಯಾರಿಗೂ ಫುಲ್ ಕಂಟ್ರೋಲ್ ಬೇಡ, ಅದು ಇದ್ರೆ ಅವ್ರು ಪರ್ಮಿಷನ್ನೇ ಬದಲಾಯಿಸ್ಬಹುದು, ನಿಮ್ಮನ್ನೇ ಹೊರಗೆ ಹಾಕ್ಬಹುದು.

ಒಂದೇ ಫೋಲ್ಡರ್, ಒಂದು ಫೈಲ್ ಮಾತ್ರ ಓಪನ್ ಆಗಲ್ಲ

ಕಾಮನ್ ಫೋಲ್ಡರ್‌ನಲ್ಲಿ ನೂರು ಫೈಲ್ ಓಪನ್ ಆಗುತ್ತೆ, ಒಂದು ಮಾತ್ರ ಎಲ್ರಿಗೂ ಡಿನೈಡ್, ಅದನ್ನ ಅಲ್ಲಿ ಇಟ್ಟ ಅಕೌಂಟ್ಸ್‌ನೋರಿಗೆ ಮಾತ್ರ ಓಪನ್ ಆಗುತ್ತೆ. ಕಾರಣ, ಅವ್ರು ಕಾಪಿ ಮಾಡಿಲ್ಲ, ಕಟ್ ಪೇಸ್ಟ್ ಮಾಡಿದಾರೆ. ಒಂದೇ ಡ್ರೈವ್ ಒಳಗೆ ಮೂವ್ ಮಾಡಿದ್ರೆ ಫೈಲ್ ತನ್ನ ಹಳೇ ಪರ್ಮಿಷನ್ ಹೊತ್ಕೊಂಡೇ ಬರುತ್ತೆ, ಕಾಪಿ ಮಾಡಿದ್ರೆ ಮಾತ್ರ ಹೊಸ ಫೋಲ್ಡರ್‌ನ ಪರ್ಮಿಷನ್ ತಗೊಳ್ಳುತ್ತೆ. ಆ ಫೈಲ್ ಒಂದಕ್ಕೆ ಐಕ್ಯಾಕ್ಲ್ಸ್ (icacls) ಅನ್ನೋ ಪರ್ಮಿಷನ್ ಕಮಾಂಡ್‌ನಲ್ಲಿ /ರೀಸೆಟ್ ಕೊಟ್ರೆ ಮುಗೀತು. ಇದೇ ಉಲ್ಟಾ ಆದಾಗ, ಅಂದ್ರೆ ಕಾಮನ್‌ನಿಂದ ಸ್ಯಾಲರಿ ಫೋಲ್ಡರ್‌ಗೆ ಮೂವ್ ಮಾಡಿದಾಗ, ಯಾರೂ ಕಂಪ್ಲೇಂಟ್ ಮಾಡಲ್ಲ. ಅದೇ ಭಯ.

ಸೆಕ್ಯುರಿಟಿ ಟ್ಯಾಬ್‌ನಲ್ಲಿ ಹೆಸರಿನ ಬದ್ಲು ಎಸ್-1-5-21 ಅಂತ ಉದ್ದ ನಂಬರ್ ಕಂಡ್ರೆ ಅದು ಹಳೇ ಡೆಸ್ಕ್‌ಟಾಪ್‌ನ ಲೋಕಲ್ ಯೂಸರ್ ಗುರುತು ಅಥ್ವಾ ಡಿಲೀಟ್ ಆದ ಅಕೌಂಟು. ಹಳೇದ್ರಿಂದ ಡೇಟಾ ತರೋವಾಗ ರೋಬೋಕಾಪಿ ಅನ್ನೋ ಕಾಪಿ ಕಮಾಂಡ್‌ನಲ್ಲಿ /ಸೆಕ್ ಅಥ್ವಾ /ಕಾಪಿಆಲ್ ಹಾಕಿದ್ರೆ ಹೀಗಾಗುತ್ತೆ, ಸುಮ್ಮನೆ /ಇ ಹಾಕಿ ತಂದ್ರೆ ಡೇಟಾ, ಅಟ್ರಿಬ್ಯೂಟ್, ಟೈಮ್‌ಸ್ಟ್ಯಾಂಪ್ ಮಾತ್ರ ಬರುತ್ತೆ, ಅಷ್ಟೇ ಬೇಕಾಗಿರೋದು. ಇನ್ನು ಪಟ್ಟೀಲಿ ನಿಮ್ಮದೇ ಹೆಸರು ಅಲ್ಲಲ್ಲಿ ಫುಲ್ ಕಂಟ್ರೋಲ್ ಜೊತೆ ಕಾಣ್ತಿದ್ರೆ, ಸರ್ವರ್ ಮೇಲೆ ಎಕ್ಸ್‌ಪ್ಲೋರರ್‌ನಲ್ಲಿ ‘ನಿಮಗೆ ಪರ್ಮಿಷನ್ ಇಲ್ಲ, ಕಂಟಿನ್ಯೂ ಒತ್ತಿ’ ಅಂತ ಬಂದಾಗ ಒತ್ತಿದ್ದರ ಫಲ ಅದು, ಆ ಬಟನ್ ನಿಮ್ಮ ಹೆಸರನ್ನ ಪರ್ಮನೆಂಟಾಗಿ ಬರೆದುಬಿಡುತ್ತೆ. ಯುಎಸಿ (ಅಡ್ಮಿನ್ ಹಕ್ಕನ್ನ ಕೇಳಿದಾಗ ಮಾತ್ರ ಬಿಡೋ ವಿಂಡೋಸ್ ಕಾವಲು) ಇರೋದ್ರಿಂದ ಅಡ್ಮಿನಿಸ್ಟ್ರೇಟರ್ಸ್ ಗ್ರೂಪ್ ಹಕ್ಕು ಎಕ್ಸ್‌ಪ್ಲೋರರ್‌ಗೆ ಸಿಗಲ್ಲ. ಫೈಲ್ ನೋಡ್ಕೊಳ್ಳೋರಿಗೆ ಅಂತಲೇ ಬೇರೆ ಗ್ರೂಪ್ ಮಾಡಿ ಅದಕ್ಕೆ ಹಕ್ಕು ಕೊಡಿ, ಆ ಬಾಕ್ಸೇ ಬರಲ್ಲ.

ಸ್ಯಾಲರಿ ಫೋಲ್ಡರ್ ಎಲ್ರಿಗೂ ಓಪನ್ ಆಗ್ತಿದೆ ಅಂದ್ರೆ ಮೇಲಿನ ಡ್ರೈವ್‌ನಿಂದ ಯೂಸರ್ಸ್ ಗ್ರೂಪ್‌ನ ಓದೋ ಹಕ್ಕು ಇಳಿದು ಬಂದಿದೆ, ಡೊಮೈನ್ ಯೂಸರ್ಸ್ ಎಲ್ಲ ಅದರೊಳಗೇ ಇರೋದು. ಇದಕ್ಕೆ ಡಿನೈ ಹಾಕ್ಬೇಡಿ. ಯೂಸರ್ಸ್‌ಗೆ ಡಿನೈ ಹಾಕಿದ್ರೆ ಎಂಡಿಗೂ ಡಿನೈ, ಅವ್ರೂ ಯೂಸರೇ ತಾನೆ. ಡಿಸೇಬಲ್ ಇನ್‌ಹೆರಿಟೆನ್ಸ್ (ಮೇಲಿಂದ ಹಕ್ಕು ಇಳಿದು ಬರೋದನ್ನ ನಿಲ್ಸೋದು), ಕನ್ವರ್ಟ್, ಆಮೇಲೆ ಯೂಸರ್ಸ್ ಸಾಲುಗಳನ್ನ ತೆಗೆದುಹಾಕಿ, ಸಿಸ್ಟಮ್ ಅನ್ನೋ ಸಾಲನ್ನ ಮಾತ್ರ ಹಾಗೇ ಉಳಿಸಿ, ಬ್ಯಾಕಪ್‌ಗೆ ಅದು ಬೇಕು. ಹೆಸರೂ ಕಾಣ್ಬಾರ್ದು ಅಂದ್ರೆ ಶೇರ್ ಮೇಲೆ ಆಕ್ಸೆಸ್ ಬೇಸ್ಡ್ ಎನ್ಯುಮರೇಷನ್ ಆನ್ ಮಾಡಿ. ಯಾರಿಗೆ ಏನು ಸಿಗುತ್ತೆ ಅಂತ ಅನುಮಾನ ಇದ್ರೆ ಅಡ್ವಾನ್ಸ್ಡ್‌ನಲ್ಲಿ ಎಫೆಕ್ಟಿವ್ ಆಕ್ಸೆಸ್ ಟ್ಯಾಬ್ ಇದೆ, ಯೂಸರ್ ಹೆಸರು ಕೊಟ್ರೆ ಯಾವುದು ತಡೀತಿದೆ ಅಂತಾನೂ ಹೇಳುತ್ತೆ.

ಏನೇ ಮಾಡೋಕೆ ಮುಂಚೆ ಐಕ್ಯಾಕ್ಲ್ಸ್ ಡಿ:\ಡೇಟಾ /ಸೇವ್ ಅಂತ ಒಂದು ಫೈಲ್ ಹೆಸರು ಕೊಟ್ಟು /ಟಿ /ಸಿ ಹಾಕಿ ಇರೋದನ್ನ ಎತ್ತಿಟ್ಕೊಳ್ಳಿ. ವಾಪಸ್ ಹಾಕೋವಾಗ /ರಿಸ್ಟೋರ್ ಕೊಡ್ಬೇಕಾದ್ದು ಡಿ:\ಡೇಟಾಗೆ ಅಲ್ಲ, ಅದರ ಮೇಲಿನ ಡಿ:\ಗೆ, ಇಲ್ಲಾಂದ್ರೆ ಫೈಲ್ ಸಿಗ್ಲಿಲ್ಲ ಅನ್ನುತ್ತೆ. ಮತ್ತೆ /ರೀಸೆಟ್ /ಟಿ ಅನ್ನೋದನ್ನ ಪೂರ್ತಿ ಡೇಟಾ ಮೇಲೆ ಓಡಿಸ್ಬೇಡಿ, ನೀವು ಬೇಕು ಅಂತ ಕಡಿದ ಇನ್‌ಹೆರಿಟೆನ್ಸ್ ಎಲ್ಲ ಮತ್ತೆ ಕೂಡ್ಕೊಂಡು ಸ್ಯಾಲರಿ ಫೋಲ್ಡರ್ ಓಪನ್ ಆಗಿ ಕೂರುತ್ತೆ.

ಡ್ರೈವ್ ಬರಲ್ಲ, ಸ್ಕ್ಯಾನ್ ಬರಲ್ಲ

ಎಲ್ಲ ಸಿಸ್ಟಮ್‌ಗೂ ಸರ್ವರ್‌ನಿಂದಲೇ ಸೆಟ್ಟಿಂಗ್ ಕಳಿಸೋ ಗ್ರೂಪ್ ಪಾಲಿಸಿಯಲ್ಲಿ ಝಡ್ ಡ್ರೈವ್ ಮ್ಯಾಪ್ ಮಾಡಿದೀರಿ, ಕೆಲವರಿಗೆ ಬರಲ್ಲ. ಅವ್ರ ಸಿಸ್ಟಮ್‌ನಲ್ಲಿ ಜಿಪಿರಿಸಲ್ಟ್ /ಆರ್ ಹೊಡೀರಿ. ಸೆಕ್ಯುರಿಟಿ ಫಿಲ್ಟರಿಂಗ್‌ನಲ್ಲಿ ಆಥೆಂಟಿಕೇಟೆಡ್ ಯೂಸರ್ಸ್ ತೆಗೆದು ಅಕೌಂಟ್ಸ್ ಗ್ರೂಪ್ ಮಾತ್ರ ಇಟ್ಟಿದ್ರೆ ಪಾಲಿಸಿ ಓಡಲ್ಲ. ಜೂನ್ 2016ರ ಎಂಎಸ್16-072 ಅಪ್‌ಡೇಟ್ ಆದ್ಮೇಲೆ ಯೂಸರ್ ಪಾಲಿಸಿಯನ್ನ ಓದೋದು ಕಂಪ್ಯೂಟರ್ ಅಕೌಂಟ್, ಅದಕ್ಕೆ ಓದೋ ಹಕ್ಕೇ ಇಲ್ಲ. ಡೆಲಿಗೇಷನ್ ಟ್ಯಾಬ್‌ನಲ್ಲಿ ಆಥೆಂಟಿಕೇಟೆಡ್ ಯೂಸರ್ಸ್‌ಗೆ ರೀಡ್ ಮಾತ್ರ ಕೊಡಿ. ಎಕ್ಸ್‌ಪ್ಲೋರರ್‌ನಲ್ಲಿ ಝಡ್ ಕಾಣುತ್ತೆ, ಅಕೌಂಟಿಂಗ್ ಸಾಫ್ಟ್‌ವೇರ್ ಒಳಗೆ ಮಾತ್ರ ಕಾಣಲ್ಲ ಅಂದ್ರೆ ಆ ಐಕಾನ್‌ನಲ್ಲಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಟಿಕ್ ಇದೆ, ಅಡ್ಮಿನ್ ಆಗಿ ಓಡೋ ಪ್ರೋಗ್ರಾಮ್‌ಗೆ ಮಾಮೂಲಿ ಸೆಷನ್‌ನ ಡ್ರೈವ್ ಕಾಣಲ್ಲ. ಟಿಕ್ ತೆಗೀರಿ, ಇಲ್ಲಾಂದ್ರೆ \\ಸರ್ವರ್\ಡೇಟಾ ಅಂತ ಪೂರ್ತಿ ಪಾತ್ ಕೊಡಿ.

ಜೆರಾಕ್ಸ್ ಮಷೀನ್‌ನಿಂದ ಫೋಲ್ಡರ್‌ಗೆ ಸ್ಕ್ಯಾನ್ ಹೋಗ್ತಿಲ್ಲ ಅನ್ನೋದು ಕೊನೇ ಫೋನ್ ಆಗಿರುತ್ತೆ. ಹಳೇ ಮಷೀನ್ ಆದ್ರೆ ಎಸ್‌ಎಂಬಿ 1 (ಫೈಲ್ ಶೇರ್‌ನ ಹಳೇ ಭಾಷೆ) ಬಿಟ್ಟು ಬೇರೆ ಬರಲ್ಲ, ಈಗಿನ ವಿಂಡೋಸ್ ಸರ್ವರ್‌ನಲ್ಲಿ ಅದು ಡೀಫಾಲ್ಟ್ ಆಗಿ ಇರೋದೇ ಇಲ್ಲ. ಸರ್ವರ್‌ನಲ್ಲಿ ಎಸ್‌ಎಂಬಿ 1 ಆನ್ ಮಾಡ್ಬೇಡಿ, 2017ರ ವಾನಾಕ್ರೈ ವೈರಸ್ ಹರಡಿದ್ದೇ ಅದರಲ್ಲಿದ್ದ ಕಿಂಡಿಯಿಂದ. ಮಷೀನ್ ಫರ್ಮ್‌ವೇರ್ ಅಪ್‌ಡೇಟ್ ಆಗುತ್ತಾ ಸರ್ವಿಸ್ ಹುಡುಗನ್ನ ಕೇಳಿ, ಆಗಲ್ಲ ಅಂದ್ರೆ ಸ್ಕ್ಯಾನ್ ಟು ಮೇಲ್ ಮಾಡ್ಕೊಳ್ಳಿ. ಫೋಲ್ಡರ್‌ಗೇ ಬೇಕು ಅಂದ್ರೆ ಸ್ಕ್ಯಾನ್‌ಗೆ ಅಂತ ಒಂದು ಸಾಮಾನ್ಯ ಡೊಮೈನ್ ಯೂಸರ್ ಮಾಡಿ, ಸ್ಕ್ಯಾನ್ ಫೋಲ್ಡರ್ ಒಂದಕ್ಕೆ ಮಾತ್ರ ಮಾಡಿಫೈ ಕೊಡಿ, ಆ ಮಷೀನ್‌ನ ಸೆಟ್ಟಿಂಗ್ ಪೇಜ್‌ಗೆ ಇರೋ ಅಡ್ಮಿನ್ ಪಾಸ್‌ವರ್ಡ್‌ನೂ ಅವತ್ತೇ ಬದಲಾಯಿಸಿ.